ಯುವಜನರ ಸಾಂಸ್ಕೃತಿಕ ವಿನಿಮಯ ಮತ್ತು ಪ್ರತಿಷ್ಠಾನಗಳ ಅನುದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ತಾಲೂಕುಗಳ ಯುವಕ ಯುವತಿಯರನ್ನು ಬೇರೆ ರಾಜ್ಯ, ಬೇರೆ ದೇಶಗಳ ಮನೆಗಳಿಗೆ ಕಳಿಸುವುದು, ಅಲ್ಲಿಯವರನ್ನು ಕರೆತಂದು ನಮ್ಮ ಮನೆಗಳಲ್ಲಿ ಇರಿಸಿಕೊಳ್ಳುವುದು ನಮ್ಮ ಸಂಸ್ಥೆಯ ಕೆಲಸ. ಈ ಬಗ್ಗೆ ಪಾಲಕರು, ಕಾಲೇಜಿನ ಪ್ರಾಚಾರ್ಯರು, ಇಂಥದೇ ಸಂಸ್ಥೆ ಕಟ್ಟಲು ಹೊರಟ ಗೆಳೆಯರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ದುಡ್ಡಿನ ಹತ್ತಿರವೇ: ಇದಕ್ಕೆಲ್ಲ ಹಣ ಯಾರು ಕೊಡುತ್ತಾರೆ, ಏಕೆ ಕೊಡುತ್ತಾರೆ, ಕೊಟ್ಟ ಮೇಲೆ ಏನು ಕೇಳುತ್ತಾರೆ. ನಮ್ಮ ಅನುಭವ ಮತ್ತು ನಾವು ಪಾಲಿಸುತ್ತ ಬಂದ ನಿಯಮಗಳ ಆಧಾರದ ಮೇಲೆ ಇಲ್ಲಿ ಉತ್ತರಿಸಿದ್ದೇವೆ. ಕಾನೂನಿನ ಮಾತು ಬಂದಲ್ಲಿ ನಿಮ್ಮ ಸಂಸ್ಥೆಯ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಯೇ ಮುಂದುವರಿಯಬೇಕು.

ಅನುದಾನಕ್ಕೂ ದೇಣಿಗೆಗೂ ಏನು ವ್ಯತ್ಯಾಸ?

ದೇಣಿಗೆ ಕೊಟ್ಟವರು "ಒಳ್ಳೆಯ ಕೆಲಸಕ್ಕೆ ಹಚ್ಚಿರಿ" ಎಂದು ಹೇಳಿ ಸುಮ್ಮನಾಗಬಹುದು. ಅನುದಾನಕ್ಕೆ ಒಂದು ಕರಾರುಪತ್ರವಿರುತ್ತದೆ. ಯಾವ ಕೆಲಸಕ್ಕೆ, ಎಷ್ಟು ಅವಧಿಗೆ, ಎಷ್ಟು ಕಂತುಗಳಲ್ಲಿ ಹಣ ಬರುತ್ತದೆ, ಯಾವ ಬಾಬಿಗೆ ಎಷ್ಟು ಖರ್ಚು ಮಾಡಬಹುದು, ವರದಿ ಯಾವಾಗ ಕೊಡಬೇಕು, ಉಳಿದ ಹಣವನ್ನು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಮೊದಲ ಕಂತಿನ ಲೆಕ್ಕ ಒಪ್ಪಿಸಿದ ಮೇಲೆಯೇ ಎರಡನೆಯ ಕಂತು ಬರುವುದರಿಂದ, ಮಂಜೂರಾದ ಹಣವೆಲ್ಲ ಕೈಯಲ್ಲಿದೆ ಎಂದು ತಿಳಿದು ಟಿಕೆಟ್ ಕಾಯ್ದಿರಿಸಿದವರು ಪೇಚಿಗೆ ಸಿಕ್ಕಿದ್ದುಂಟು.

ಹಣವಿರುವ ಪಾಲಕರು ತಮ್ಮ ಮಕ್ಕಳನ್ನು ತಾವೇ ಕಳಿಸುತ್ತಾರಲ್ಲ, ಅನುದಾನ ಏಕೆ ಬೇಕು?

ಹಾಗೆ ಬಿಟ್ಟರೆ ಅವರ ಮಕ್ಕಳಷ್ಟೇ ಹೋಗುತ್ತಾರೆ ಎಂಬುದೇ ಇದಕ್ಕೆ ಉತ್ತರ. ಪಾಲಕರ ಶುಲ್ಕವನ್ನಷ್ಟೇ ನಂಬಿ ನಡೆಸುವ ವಿನಿಮಯ ಕಾರ್ಯಕ್ರಮ ಎರಡು ಮೂರು ವರ್ಷಗಳಲ್ಲಿ ಅನುಕೂಲಸ್ಥರ ಮಕ್ಕಳ ರಜೆಯ ಪ್ರವಾಸವಾಗಿ ಬಿಡುತ್ತದೆ. ಧಾರವಾಡದ ಸಪ್ತಾಪುರದ ಹುಡುಗ ಬೆಂಗಳೂರಿನ ಅಂಥದೇ ಮನೆಯ ಹುಡುಗನನ್ನು ಕಂಡು ಬರುವುದರಲ್ಲಿ ತಪ್ಪೇನಿಲ್ಲ, ಆದರೆ ಅವರಿಬ್ಬರೂ ನೋಡುವ ಧಾರಾವಾಹಿ, ಓದುವ ಪಠ್ಯ, ತಿನ್ನುವ ಪಿಜ್ಜಾ ಎಲ್ಲವೂ ಒಂದೇ ಆಗಿರುವಾಗ ವಿನಿಮಯವಾಗುವುದಾದರೂ ಏನು?

ನಾವು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಒಮ್ಮೆ ನವಲಗುಂದ ತಾಲೂಕಿನ ಹಳ್ಳಿಯೊಂದರ ಹುಡುಗಿ ನಮ್ಮ ಆಯ್ಕೆಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ಪ್ರಯಾಣ, ಊಟ, ವಸತಿ ಎಲ್ಲ ಉಚಿತವೆಂದು ಹೇಳಿಯೂ ಆಕೆ ಹಿಂದೆ ಸರಿದಳು. ಕಾರಣ ಕೇಳಲು ಮನೆಗೆ ಹೋದಾಗ ತಿಳಿದದ್ದಿಷ್ಟು: ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ, ಅದಕ್ಕಾಗಿ ಹುಬ್ಬಳ್ಳಿಗೆ ಓಡಾಟ, ಒಂದು ಬ್ಯಾಗು, ಒಂದು ಜೋಡಿ ಬೂಟು, ಚಳಿಗೆ ಒಂದು ಸ್ವೆಟರ್, ಜೊತೆಗೆ ಹಿಂಗಾರಿಯ ಕಡಲೆ ಕೀಳುವ ದಿನಗಳಲ್ಲಿ ಮನೆಗೆ ತಪ್ಪುವ ಒಂದು ಆಳಿನ ಕೂಲಿ. ಅವರವ್ವ ರೊಟ್ಟಿ ಬಡಿಯುತ್ತಲೇ, "ಪುಕ್ಕಟೆ ಅಂತೀರಿ ಸರ್ರ, ಖರೇ ಪುಕ್ಕಟೆ ಯಾವದೂ ಇರೂದಿಲ್ರಿ" ಎಂದರು. ನಮ್ಮ ಅಂದಾಜುಪಟ್ಟಿಯಲ್ಲಿ ಇವುಗಳಲ್ಲಿ ಒಂದಕ್ಕೂ ಜಾಗವಿರಲಿಲ್ಲ. ಅಂದಿನಿಂದ ಪ್ರತಿ ಪ್ರಸ್ತಾವನೆಯಲ್ಲೂ "ಹೊರಡುವ ಮುಂಚಿನ ವೈಯಕ್ತಿಕ ವೆಚ್ಚ" ಎಂಬ ಬಾಬನ್ನು ಬರೆಯುತ್ತೇವೆ. ಅದನ್ನು ನೋಡಿ ಹುಬ್ಬೇರಿಸಿದ ದಾನಿಗಳಿದ್ದಾರೆ, ವಿವರಿಸಿದ ಮೇಲೆ ತಿರಸ್ಕರಿಸಿದವರು ಕಡಿಮೆ. ನಮ್ಮ ಮಟ್ಟಿಗೆ ಅನುದಾನದ ನಿಜವಾದ ಬೆಲೆ ಇರುವುದು ಎಷ್ಟು ಮಂದಿ ಹೋಗಿಬಂದರು ಎಂಬುದರಲ್ಲಲ್ಲ, ಅದಿಲ್ಲದಿದ್ದರೆ ಹೋಗಲಾರದವರಲ್ಲಿ ಯಾರು ಹೋದರು ಎಂಬುದರಲ್ಲಿ.

ಇಂಥ ವಿನಿಮಯ ಹೊರಗಿನಿಂದ ಬಂದ ಹೊಸ ಪದ್ಧತಿಯೇ?

ಹೊರಗಿನದೂ ಹೌದು, ನಮ್ಮದೂ ಹೌದು. ಮೊದಲ ಮಹಾಯುದ್ಧದ ನಂತರ, 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬವರು ಯುದ್ಧದಲ್ಲಿ ನಾಶವಾದ ಫ್ರಾನ್ಸಿನ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶಗಳ ಸ್ವಯಂಸೇವಕರನ್ನು ಕರೆದೊಯ್ದರು. ಅದೇ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯಾಯಿತು, ಮತ್ತು 1934ರ ಬಿಹಾರ ಭೂಕಂಪದ ನಂತರ ಸೆರೆಸೋಲ್ ಭಾರತಕ್ಕೂ ಬಂದರು. ಯುದ್ಧಭೂಮಿಯ ಆಂಬುಲೆನ್ಸ್ ಚಾಲಕರ ತಂಡವಾಗಿ ಹುಟ್ಟಿದ ಅಮೆರಿಕದ ಎಎಫ್‌ಎಸ್ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಶಾಲಾ ವಿದ್ಯಾರ್ಥಿಗಳ ವಿನಿಮಯಕ್ಕೆ ತಿರುಗಿತು.

ನಮ್ಮ ಊರಿಗೂ ಈ ಕಥೆಯಲ್ಲಿ ಒಂದು ಎಳೆಯಿದೆ. ಡಾ. ನಾ. ಸು. ಹರ್ಡೀಕರ್ ಅವರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ಎಂಬ ಕಾಂಗ್ರೆಸ್ ಸ್ವಯಂಸೇವಕರ ಪಡೆಯ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಅದೇ ಸೇವಾದಳದ ಗರಡಿಯಲ್ಲಿ ಬೆಳೆದ ಬೆಂಗಳೂರಿನ ಎಸ್. ಎನ್. ಸುಬ್ಬರಾವ್ ಮುಂದೆ ರಾಷ್ಟ್ರೀಯ ಯುವ ಯೋಜನೆಯ ಮೂಲಕ ದೇಶದ ಮೂಲೆಮೂಲೆಯ ಯುವಕರನ್ನು ಒಂದೇ ಶಿಬಿರದಲ್ಲಿ ಕೂಡಿಸಿ ಹಲವು ಭಾಷೆಗಳ ಹಾಡು ಹಾಡಿಸಿದರು. ಶಿಬಿರಕ್ಕೆ ಬಂದ ಯುವಕರು ಆ ಊರಿನ ಮನೆಗಳಲ್ಲಿ ಉಂಡು, ಸಂಜೆ ಹಾಡಿ, ಹಗಲು ಶ್ರಮದಾನ ಮಾಡುತ್ತಿದ್ದರು. ಅನುದಾನ ಎಂಬ ಶಬ್ದ ಅಲ್ಲಿ ಹೆಚ್ಚು ಕೇಳಿಬರದಿದ್ದರೂ ಊರವರ ಜೋಳ, ಅಕ್ಕಿ, ಮನೆಯ ಪಡಸಾಲೆ ಇವೆಲ್ಲ ಅನುದಾನವೇ ಅಲ್ಲವೇ?

ಯಾವ ಯಾವ ಬಗೆಯ ಪ್ರತಿಷ್ಠಾನಗಳು ಹಣ ಕೊಡುತ್ತವೆ?

ಸ್ಥೂಲವಾಗಿ ಮೂರು ಬಗೆ. ಕುಟುಂಬಗಳ ಆಸ್ತಿಯಿಂದ ಹುಟ್ಟಿದ ದತ್ತಿಗಳು ಮೊದಲನೆಯವು. 1919ರ ಸರ್ ರತನ್ ಟಾಟಾ ಟ್ರಸ್ಟ್ ಮತ್ತು 1932ರ ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಇದಕ್ಕೆ ಹಳೆಯ ಉದಾಹರಣೆಗಳು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್ ಹಣವನ್ನು ನಿರ್ವಹಿಸುವ ಪ್ರತಿಷ್ಠಾನಗಳು ಎರಡನೆಯವು. 1952ರಿಂದ ದೆಹಲಿಯಲ್ಲಿ ಕಚೇರಿಯಿರುವ ಫೋರ್ಡ್ ಫೌಂಡೇಶನ್ ಅಂಥ ವಿದೇಶಿ ಪ್ರತಿಷ್ಠಾನಗಳು ಮೂರನೆಯವು. ಇವಲ್ಲದೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಹಾಗೆ ಕಲೆಗೆಂದೇ ಅನುದಾನ ಕೊಡುವ ಸಂಸ್ಥೆಗಳೂ ಇವೆ.

ಹೆಸರು ದೊಡ್ಡದೆಂದು ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲ. ಫೌಂಡೇಶನ್ ಎಂಬ ಹೆಸರಿದ್ದರೂ ಕೆಲವು ಬೇರೆಯವರಿಗೆ ಹಣ ಕೊಡದೆ ತಮ್ಮ ಕಾರ್ಯಕ್ರಮಗಳನ್ನು ತಾವೇ ನಡೆಸುತ್ತವೆ. "ಯುವ ವಿನಿಮಯ" ಎಂಬ ಶೀರ್ಷಿಕೆಯಡಿ ಹಣ ಕೊಡುವವರು ಬಹಳ ಕಡಿಮೆ. ಶಿಕ್ಷಣ, ಯುವ ನಾಯಕತ್ವ, ಕಲೆ, ಸೌಹಾರ್ದ ಎಂಬ ಬಾಗಿಲುಗಳ ಮೂಲಕವೇ ಒಳಗೆ ಹೋಗಬೇಕಾಗುತ್ತದೆ.

ಕಂಪನಿಗಳ ಸಿಎಸ್‌ಆರ್ ಹಣದಿಂದ ಮಕ್ಕಳನ್ನು ವಿದೇಶಕ್ಕೆ ಕಳಿಸಬಹುದೇ?

ಆ ಭರವಸೆಯ ಮೇಲೆ ಯೋಜನೆ ಹಾಕಬೇಡಿರಿ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಆದರೆ ಭಾರತದ ಹೊರಗೆ ನಡೆಸುವ ಚಟುವಟಿಕೆ ಈ ಲೆಕ್ಕಕ್ಕೆ ಬರುವುದಿಲ್ಲವೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ವಿನಾಯಿತಿಯಿದೆ. ಸಾಂಸ್ಕೃತಿಕ ತಂಡಕ್ಕೆ ಅದು ಅನ್ವಯಿಸುವುದಿಲ್ಲ.

ದೇಶದೊಳಗಿನ ವಿನಿಮಯಕ್ಕೆ ಮಾತ್ರ ಈ ಹಣ ಚೆನ್ನಾಗಿ ಒದಗುತ್ತದೆ. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಕಲೆ, ಸಂಸ್ಕೃತಿ ಹಾಗೂ ಪರಂಪರೆಯ ರಕ್ಷಣೆಯೂ ಇದೆ. 2015ರಲ್ಲಿ ಘೋಷಣೆಯಾದ ಕೇಂದ್ರ ಸರ್ಕಾರದ "ಏಕ್ ಭಾರತ್ ಶ್ರೇಷ್ಠ ಭಾರತ್" ಯೋಜನೆಯಲ್ಲಿ ಕರ್ನಾಟಕಕ್ಕೆ ಜೊತೆಯಾಗಿರುವುದು ಉತ್ತರಾಖಂಡ. ಕಲಘಟಗಿಯ ಹುಡುಗ ಅಲ್ಮೋರಾದ ಮನೆಯಲ್ಲಿ ಹತ್ತು ದಿನ ಇದ್ದು ಬಂದರೆ, ಭಾಷೆ, ಊಟ, ಚಳಿ, ಬೇಸಾಯ ಎಲ್ಲದರಲ್ಲೂ ಆತನಿಗೆ ಎದುರಾಗುವ ಬೇರೆತನ ಯೂರೋಪಿನ ನಗರವೊಂದರಲ್ಲಿ ಎದುರಾಗುವುದಕ್ಕಿಂತ ಕಡಿಮೆಯೇನಲ್ಲ. ವಿದೇಶವೆಂದರಷ್ಟೇ ವಿನಿಮಯ ಎಂಬ ಪಾಲಕರ ಮೋಹವನ್ನು ಕರಗಿಸುವುದು ನಮಗೆ ಹಣ ಹೊಂದಿಸುವುದಕ್ಕಿಂತ ಕಷ್ಟದ ಕೆಲಸವಾಗಿದೆ.

ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ.

ಟ್ರಸ್ಟಿನ ಸ್ವಂತ ಹಣವನ್ನು ವಿದೇಶದಲ್ಲಿ ಖರ್ಚು ಮಾಡಬಹುದೇ?

ಮಾಡುವ ಮುನ್ನ ಲೆಕ್ಕಪರಿಶೋಧಕರ ಲಿಖಿತ ಅಭಿಪ್ರಾಯ ಪಡೆಯಿರಿ. ಧರ್ಮಾರ್ಥ ಸಂಸ್ಥೆಗಳಿಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದು ಭಾರತದೊಳಗಿನ ಧರ್ಮಾರ್ಥ ಉದ್ದೇಶಕ್ಕೆ ಬಳಸಿದ ಆದಾಯಕ್ಕೆ. ಹೊರದೇಶದಲ್ಲಿನ ಬಳಕೆಗೆ ಕೇಂದ್ರ ನೇರ ತೆರಿಗೆ ಮಂಡಳಿಯ ಪ್ರತ್ಯೇಕ ಆದೇಶ ಬೇಕಾಗುತ್ತದೆ. ಆದ್ದರಿಂದ ಬಹಳಷ್ಟು ವಿನಿಮಯ ಸಂಸ್ಥೆಗಳು ಒಂದು ಸರಳ ಒಪ್ಪಂದ ಮಾಡಿಕೊಳ್ಳುತ್ತವೆ: ಅತಿಥಿಗಳು ಬಂದಾಗ ಇಲ್ಲಿನ ಖರ್ಚು ನಮ್ಮದು, ನಮ್ಮವರು ಹೋದಾಗ ಅಲ್ಲಿನ ಖರ್ಚು ಅವರದು. ನಮ್ಮ ಹಿರಿಯರು ಬೀಗರ ಊರಿಗೆ ಹೋದಾಗ ಪಾಲಿಸುತ್ತಿದ್ದ ರೀತಿಯೂ ಇದೇ.

ವಿದೇಶಿ ಪ್ರತಿಷ್ಠಾನದ ಅನುದಾನ ಪಡೆಯಲು ಏನೇನು ಬೇಕು?

2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಎಫ್‌ಸಿಆರ್‌ಎ ಎಂದು ಕರೆಯುವ ಕಾನೂನಿನಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಸಂಸ್ಥೆ ಹುಟ್ಟಿ ಕನಿಷ್ಠ ಮೂರು ವರ್ಷಗಳಾಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮೂಲ ಉದ್ದೇಶದ ಕೆಲಸಗಳಿಗೆ ಒಟ್ಟು 15 ಲಕ್ಷ ರೂಪಾಯಿಯಷ್ಟಾದರೂ ವೆಚ್ಚ ಮಾಡಿರಬೇಕು. ನೋಂದಣಿ ಸಿಕ್ಕರೆ ಅದರ ಅವಧಿ ಐದು ವರ್ಷ, ನಂತರ ನವೀಕರಣ. ಇಷ್ಟು ಅರ್ಹತೆಯಿಲ್ಲದ ಹೊಸ ಸಂಸ್ಥೆಗೆ ಒಬ್ಬ ನಿರ್ದಿಷ್ಟ ದಾನಿಯಿಂದ, ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಮೊತ್ತ ಪಡೆಯಲು ಪೂರ್ವಾನುಮತಿ ಕೇಳುವ ದಾರಿಯೂ ಇದೆ.

2020ರ ತಿದ್ದುಪಡಿ ಮೂರು ದೊಡ್ಡ ಬದಲಾವಣೆಗಳನ್ನು ತಂದಿತು. ವಿದೇಶಿ ಹಣವೆಲ್ಲ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಲ್ಲಿಂದ ಧಾರವಾಡದ ನಿಮ್ಮ ಬ್ಯಾಂಕಿನ ಬಳಕೆ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಮತ್ತು, ಸಣ್ಣ ಸಂಸ್ಥೆಗಳಿಗೆ ಹೆಚ್ಚು ಪೆಟ್ಟು ಕೊಟ್ಟದ್ದೆಂದರೆ, ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದು ಸಂಪೂರ್ಣ ನಿಷಿದ್ಧವಾಯಿತು. ಮೊದಲು ಮಹಾನಗರದ ದೊಡ್ಡ ಸಂಸ್ಥೆ ಅನುದಾನ ಪಡೆದು ಗದಗ, ಹಾವೇರಿಯ ಚಿಕ್ಕ ತಂಡಗಳಿಗೆ ಹಂಚಬಹುದಿತ್ತು. ಈಗ ಆ ಹಂಚಿಕೆ ಸಾಧ್ಯವಿಲ್ಲ. ಎರಡೂ ಕಡೆ ನೋಂದಣಿಯಿದ್ದರೂ ಸಾಧ್ಯವಿಲ್ಲ ಎಂಬುದನ್ನು ಬಹಳ ಜನ ಇನ್ನೂ ಗಮನಿಸಿಲ್ಲ.

ವಾರ್ಷಿಕ ವಿವರವನ್ನು ಎಫ್‌ಸಿ-4 ನಮೂನೆಯಲ್ಲಿ ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಆ ವರ್ಷ ಒಂದು ರೂಪಾಯಿಯೂ ಬಂದಿಲ್ಲವಾದರೆ ಹಾಗೆಂದು ಬರೆದಾದರೂ ಸಲ್ಲಿಸಲೇಬೇಕು.

ಅಮೆರಿಕದಲ್ಲಿರುವ ನಮ್ಮೂರಿನವರು ಹಣ ಕಳಿಸಿದರೆ ಅದೂ ವಿದೇಶಿ ವಂತಿಗೆಯೇ?

ಧಾರವಾಡದ ಕಾಲೇಜುಗಳಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದವರು ಬಹಳ ಇರುವುದರಿಂದ ಈ ಪ್ರಶ್ನೆ ಪ್ರತಿ ಡಿಸೆಂಬರಿನಲ್ಲೂ ಬರುತ್ತದೆ. ಕಳಿಸುವವರ ಪಾಸ್‌ಪೋರ್ಟ್ ಯಾವುದು ಎಂಬುದೇ ಇಲ್ಲಿ ಮುಖ್ಯ. ಭಾರತೀಯ ಪೌರತ್ವ ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು, ಭಾರತ ಸರ್ಕಾರ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿನಲ್ಲಿ ವಿದೇಶಿ ಮೂಲವೇ. ಆದ್ದರಿಂದ ಹಣ ಪಡೆಯುವ ಮುನ್ನ ಪಾಸ್‌ಪೋರ್ಟಿನ ಪ್ರತಿ ಕೇಳುತ್ತೇವೆ. "ನನ್ನನ್ನ ಸಣ್ಣಾಂವ ಇದ್ದಾಗಿಂದ ನೋಡೀರಿ, ಪಾಸ್‌ಪೋರ್ಟ್ ಕೇಳ್ತೀರಲ್ರಿ ಕಾಕಾ" ಎಂದು ಬೇಸರಪಟ್ಟವರಿದ್ದಾರೆ. ಬೇಸರ ನಾಲ್ಕು ದಿನದಲ್ಲಿ ಹೋಗುತ್ತದೆ, ನೋಂದಣಿ ರದ್ದಾದರೆ ಮತ್ತೆ ಬರುವುದು ಕಷ್ಟ.

ನಮ್ಮದು ಚಿಕ್ಕ ಸಂಸ್ಥೆ. ಕನಿಷ್ಠ ಯಾವ ಕಾಗದಪತ್ರ ಇರಬೇಕು?

ಟ್ರಸ್ಟ್ ಆಗಿದ್ದರೆ ದತ್ತಿಪತ್ರ, ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಮಾಣಪತ್ರ ಮತ್ತು ಪ್ರತಿ ವರ್ಷ ಸಲ್ಲಿಸಿದ ವಿವರಗಳು, ಪ್ಯಾನ್, ಸ್ವಯಂಸೇವಾ ಸಂಸ್ಥೆಗಳನ್ನು ದಾಖಲಿಸುವ ನೀತಿ ಆಯೋಗದ ಜಾಲತಾಣವಾದ ಎನ್‌ಜಿಒ ದರ್ಪಣ್‌ನ ಸಂಖ್ಯೆ, ಮೂರು ವರ್ಷಗಳ ಪರಿಶೋಧಿತ ಲೆಕ್ಕ, ಆದಾಯ ತೆರಿಗೆ ಇಲಾಖೆಯ ನೋಂದಣಿ. ತೆರಿಗೆ ನೋಂದಣಿಯನ್ನು ಎಲ್ಲರೂ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಎಂಬ ಹೆಸರಿನಿಂದಲೇ ಗುರುತಿಸುತ್ತಾರೆ. ಇವು 1961ರ ಕಾಯ್ದೆಯ ಕಲಮುಗಳು. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಗೊತ್ತಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆಯಿರುವುದರಿಂದ ಅರ್ಜಿ ಬರೆಯುವಾಗ ನೋಡಿಕೊಳ್ಳಿರಿ.

ಹದಿನೆಂಟು ತುಂಬದವರನ್ನು ಕರೆದೊಯ್ಯುವ ಸಂಸ್ಥೆಯಾದರೆ ಮಕ್ಕಳ ರಕ್ಷಣೆಯ ಲಿಖಿತ ನೀತಿಯನ್ನೂ ಅನುದಾನ ಕೊಡುವವರು ಕೇಳುತ್ತಾರೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯನ್ನು ಓದದೆ, ಬೇರೆಯವರ ನೀತಿಯನ್ನು ನಕಲು ಮಾಡಿ ಹಚ್ಚಿದ್ದನ್ನು ಅವರು ಎರಡು ಪ್ರಶ್ನೆಗಳಲ್ಲಿ ಪತ್ತೆ ಹಚ್ಚುತ್ತಾರೆ.

ಅಂದಾಜುಪಟ್ಟಿಯಲ್ಲಿ ಜನ ಮರೆಯುವ ವೆಚ್ಚಗಳು ಯಾವುವು?

ಟಿಕೆಟ್, ಊಟ, ವಾಹನ, ವಿಮೆ ಇವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಹೊರಡುವ ಮುಂಚಿನದನ್ನು ಮತ್ತು ಬಂದ ನಂತರದ್ದನ್ನು. ಹೋಗುವವರಿಗೆ ಕನಿಷ್ಠ ಮೂರು ದಿನಗಳ ಸಿದ್ಧತಾ ಶಿಬಿರ ಬೇಕು. ಬೇರೆಯವರ ಮನೆಯಲ್ಲಿ ಬೇಡ ಎನ್ನುವುದು ಹೇಗೆ, ತಟ್ಟೆಯಲ್ಲಿ ಗುರುತಿಲ್ಲದ ಪದಾರ್ಥ ಬಂದರೆ ಏನು ಮಾಡಬೇಕು, ನಿಮ್ಮ ಜಾತಿ ಯಾವುದೆಂದು ಅಲ್ಲಿಯವರು ಮುಗ್ಧವಾಗಿ ಕೇಳಿದರೆ ಏನು ಹೇಳಬೇಕು ಎಂಬುದೆಲ್ಲ ಹೊರಡುವ ದಿನ ರೈಲಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಬಂದ ನಂತರದ ಒಂದು ವರ್ಷ ಇನ್ನೂ ಮುಖ್ಯ. ಹೋಗಿಬಂದವರು ತಮ್ಮ ಶಾಲೆಯಲ್ಲಿ, ಊರಿನ ಗರಡಿಮನೆಯಲ್ಲಿ, ಮಹಿಳಾ ಸಂಘದಲ್ಲಿ ಕಂಡದ್ದನ್ನು ಹೇಳುವಂತಾಗಬೇಕು. ಅದಕ್ಕೆ ಬಸ್ ಖರ್ಚು, ಒಬ್ಬ ಸಂಯೋಜಕರ ಸಂಬಳ, ನಾಲ್ಕು ಸಭೆಗಳ ಚಹಾ-ಚೂಡಾ ಬೇಕು.

ಸಂಬಳವನ್ನು ಕೇಳಲು ಸಂಕೋಚಪಡುವ ಸಂಸ್ಥೆಗಳೇ ಹೆಚ್ಚು. ವಿದೇಶಿ ಅನುದಾನ 10 ಲಕ್ಷ ರೂಪಾಯಿಯಾದರೆ ಆಡಳಿತಕ್ಕೆ ಹೆಚ್ಚೆಂದರೆ 2 ಲಕ್ಷ. ಆದರೆ ಮಕ್ಕಳೊಂದಿಗೆ ನೇರವಾಗಿ ಕೆಲಸ ಮಾಡುವ ತರಬೇತುದಾರರ ಸಂಬಳವನ್ನು ಆಡಳಿತ ವೆಚ್ಚವೆಂದು ತೋರಿಸಿ ಮಿತಿಯನ್ನು ನಾವೇ ತುಂಬಿಸಿಕೊಂಡ ವರ್ಷವೂ ಒಂದಿತ್ತು. ಅದು ಕಾರ್ಯಕ್ರಮದ ವೆಚ್ಚ. ಯಾವುದು ಯಾವ ತಲೆಬರಹದಡಿ ಬರುತ್ತದೆ ಎಂಬುದನ್ನು ಪ್ರಸ್ತಾವನೆ ಬರೆಯುವ ದಿನವೇ ಲೆಕ್ಕಪರಿಶೋಧಕರೊಂದಿಗೆ ಕುಳಿತು ನಿರ್ಧರಿಸಬೇಕು.

ಪ್ರಸ್ತಾವನೆಯಲ್ಲಿ ಏನು ಬರೆದರೆ ಮೆಚ್ಚುತ್ತಾರೆ?

"ವಿಶ್ವಮಾನವತೆ", "ವಸುಧೈವ ಕುಟುಂಬಕಂ" ಎಂಬ ಮಾತುಗಳಿಂದ ತೊಡಗುವ ಪ್ರಸ್ತಾವನೆಯನ್ನು ಎರಡನೆಯ ಪುಟದವರೆಗೆ ಓದುವವರು ವಿರಳ. ಯಾವ ಊರಿನ, ಯಾವ ವಯಸ್ಸಿನ, ಎಂಥ ಮನೆಗಳ ಎಷ್ಟು ಮಂದಿ, ಎಲ್ಲಿಗೆ, ಯಾರ ಮನೆಗೆ, ಏಕೆ ಅಲ್ಲಿಗೇ ಎಂದು ಬರೆಯಿರಿ. ನಮ್ಮ ಭಾಗಕ್ಕೆ ಇದರಲ್ಲಿ ಬಡತನವಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಕೇಂದ್ರವಿದೆ, ನವಲಗುಂದದಲ್ಲಿ ಜಮಖಾನ ನೇಯುವ ಮಹಿಳೆಯರಿದ್ದಾರೆ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ, ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಶರೀಫರ ಗದ್ದುಗೆಗೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಆದರೆ ಇವನ್ನೆಲ್ಲ ಪ್ರವಾಸಿ ತಾಣಗಳ ಪಟ್ಟಿಯಂತೆ ಬರೆದರೆ ಪ್ರವಾಸಕ್ಕೆ ಸಿಗುವ ಉತ್ತರವೇ ಸಿಗುತ್ತದೆ. ಕಸೂತಿಯ ಒಂದು ಗವಂತಿ ಹೊಲಿಗೆಯನ್ನು ಅತಿಥಿ ಹುಡುಗಿ ಆತಿಥೇಯ ಮನೆಯ ಅಜ್ಜಿಯಿಂದ ಎಂಟು ದಿನ ಕಲಿಯುತ್ತಾಳೆ ಎಂದು ಬರೆದಾಗ ನಮ್ಮನ್ನು ಮಾತುಕತೆಗೆ ಕರೆದರು.

ಆತಿಥೇಯ ಕುಟುಂಬಗಳಿಗೆ ಅನುದಾನದಿಂದ ಹಣ ಕೊಡುತ್ತೀರಾ?

ಬಾಡಿಗೆಯೆಂದು ಕೊಡುವುದಿಲ್ಲ. ಕೊಟ್ಟರೆ ಮನೆ ಲಾಡ್ಜ್ ಆಗುತ್ತದೆ. ಆದರೆ ಬಡ ಮನೆಗೆ ಹೆಚ್ಚುವರಿ ಒಬ್ಬರ ಊಟ, ಬಿಸಿನೀರು, ಕುಡಿಯುವ ನೀರಿನ ಕ್ಯಾನು ಹೊರೆಯೇ ಆದ್ದರಿಂದ, ಕೇಳಿದವರಿಗೂ ಕೇಳದವರಿಗೂ ಒಂದೇ ಮೊತ್ತದ ಅಡುಗೆ ಭತ್ಯೆಯನ್ನು ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಬೇಡವೆನ್ನುವವರು ಅದನ್ನು ಸಂಸ್ಥೆಗೆ ದೇಣಿಗೆಯಾಗಿ ಮರಳಿಸಬಹುದು. ಬಡವರ ಮನೆ ಮಾತ್ರ ಹಣ ಪಡೆಯಿತು ಎಂಬ ಮಾತು ಓಣಿಯಲ್ಲಿ ಹುಟ್ಟಬಾರದು.

ಸರ್ಕಾರಿ ಶಾಲೆಯ ಶಿಕ್ಷಕರು ತಂಡದೊಂದಿಗೆ ವಿದೇಶಕ್ಕೆ ಬರಬಹುದೇ?

ಬರಬಹುದು, ಆದರೆ ಅಲ್ಲಿನ ಸಂಸ್ಥೆ ಅವರ ಪ್ರಯಾಣ ಅಥವಾ ವಸತಿಯ ವೆಚ್ಚ ಭರಿಸುವುದಾದರೆ ಅದು ವಿದೇಶಿ ಆತಿಥ್ಯ. ಸರ್ಕಾರಿ ನೌಕರರು ಅದನ್ನು ಸ್ವೀಕರಿಸಲು ಎಫ್‌ಸಿಆರ್‌ಎ ಅಡಿಯಲ್ಲಿ ಎಫ್‌ಸಿ-2 ನಮೂನೆಯ ಮೂಲಕ ಮುಂಚಿತವಾಗಿ ಅನುಮತಿ ಪಡೆಯಬೇಕು. ಇಲಾಖೆಯ ನಿರಾಕ್ಷೇಪಣಾ ಪತ್ರ ಅದಕ್ಕಿಂತ ಬೇರೆ. ಎರಡಕ್ಕೂ ಸಮಯ ಹಿಡಿಯುತ್ತದೆ.

ವಿದೇಶಿ ಯುವಕರು ನಮ್ಮ ಮನೆಯಲ್ಲಿ ಉಳಿದರೆ ಪೊಲೀಸರಿಗೆ ತಿಳಿಸಬೇಕೇ?

ತಿಳಿಸಲೇಬೇಕು. ಎಲ್ಲರೂ ಫಾರ್ಮ್ ಸಿ ಎಂದು ಕರೆಯುವ ಮಾಹಿತಿಯನ್ನು ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಹೋಟೆಲಿಗಷ್ಟೇ ಅಲ್ಲ, ಮನೆಗೂ ಇದು ಅನ್ವಯಿಸುತ್ತದೆ. ಈ ಕೆಲಸವನ್ನು ಮನೆಯವರ ತಲೆಗೆ ಕಟ್ಟದೆ ನಮ್ಮ ಸಂಯೋಜಕರೇ ಜೊತೆಗೆ ಕುಳಿತು ಮಾಡಿಸುತ್ತಾರೆ.

ಮುಂಡಗೋಡದ ಟಿಬೆಟನ್ ವಸತಿಗೆ ಹೋಗಬೇಕೆಂದು ಪ್ರತಿಯೊಂದು ವಿದೇಶಿ ತಂಡವೂ ಕೇಳುತ್ತದೆ. ಹುಬ್ಬಳ್ಳಿಯಿಂದ ಅದು ಹತ್ತಿರವೇ. ಆದರೆ ಅಲ್ಲಿ ಉಳಿಯಲು ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಅದು ಕೈಸೇರಲು ವಾರಗಟ್ಟಲೆ ಕಾಯಬೇಕಾಗುತ್ತದೆ. ಪರವಾನಗಿ ಬಾರದೆ ಒಂದು ತಂಡವನ್ನು ತಡಸ ಕ್ರಾಸ್‌ನಿಂದಲೇ ಹಿಂದಿರುಗಿಸಿದ ದಿನ ಅನುದಾನದ ವರದಿಯಲ್ಲಿ "ಕಾರ್ಯಕ್ರಮ ಬದಲಾವಣೆ" ಎಂದು ಒಂದೇ ಸಾಲು ಬರೆದೆವು. ಅಂದು ಸಂಜೆ ಆ ಹುಡುಗರನ್ನು ಸಮಾಧಾನಪಡಿಸಲು ದುರ್ಗದಬೈಲಿನಲ್ಲಿ ಎಷ್ಟು ತಟ್ಟೆ ಗಿರಮಿಟ್ಟು, ಮಿರ್ಚಿ ಖರ್ಚಾಯಿತೆಂಬುದಕ್ಕೆ ವೋಚರ್ ಇಲ್ಲ.

ವೋಚರ್ ಸಿಗದ ಖರ್ಚುಗಳನ್ನು ಏನು ಮಾಡುತ್ತೀರಿ?

ಕೈಯಿಂದ ಹಾಕುತ್ತೇವೆ, ಅಥವಾ ಸ್ಥಳೀಯ ದೇಣಿಗೆಯ ಹಣದಿಂದ ಭರಿಸುತ್ತೇವೆ. ಟೆಂಪೋ ಚಾಲಕರೊಬ್ಬರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ "ಮುಟ್ಟಿತು" ಎಂದು ಬರೆದು ಸಹಿ ಮಾಡಿಕೊಟ್ಟಿದ್ದರು. ದಿನಾಂಕ, ಗಾಡಿಯ ನಂಬರು, ಮೊತ್ತ, ಪೂರ್ಣ ಹೆಸರು ಇದ್ದದ್ದರಿಂದ ಪರಿಶೋಧಕರು ಅದನ್ನು ಒಪ್ಪಿದರು. ಅದೇ ವರ್ಷ ಅಂದವಾಗಿ ಮುದ್ರಿಸಿದ, ದಿನಾಂಕವಿಲ್ಲದ ಬಿಲ್ಲೊಂದನ್ನು ಒಪ್ಪಲಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿದ ನಗದು ಪಾವತಿ ಮಾಡಬೇಡಿರಿ, ತೆರಿಗೆ ಲೆಕ್ಕದಲ್ಲಿ ಅದು ನಿಲ್ಲುವುದಿಲ್ಲ. ಹಾಗೆಯೇ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಕೊಟ್ಟವರಿಗೆ 80ಜಿ ಲಾಭ ಸಿಗುವುದಿಲ್ಲವೆಂದು ಮೊದಲೇ ಹೇಳಿಬಿಡಿರಿ.

ಪ್ರವಾಸ ರದ್ದಾದರೆ ಅನುದಾನದ ಹಣ ಏನಾಗುತ್ತದೆ?

ಕರಾರುಪತ್ರದಲ್ಲಿ ಇದ್ದಂತೆ. ಹಣ ಮರಳಿಸುವುದು, ಅವಧಿ ವಿಸ್ತರಿಸುವುದು, ಬೇರೆ ಬಾಬಿಗೆ ಬದಲಾಯಿಸುವುದು, ಈ ಮೂರಕ್ಕೂ ಲಿಖಿತ ಒಪ್ಪಿಗೆ ಬೇಕು. ಫೋನಿನಲ್ಲಿ "ಆಯಿತು" ಎಂದದ್ದನ್ನು ನಂಬಿ ಖರ್ಚು ಮಾಡಬಾರದು, ಏಕೆಂದರೆ ಹಾಗೆಂದ ಅಧಿಕಾರಿ ವರದಿ ಕೊಡುವ ಹೊತ್ತಿಗೆ ಕೆಲಸ ಬದಲಿಸಿರಬಹುದು.

ಹಣ ಕೊಟ್ಟವರು ಯಾರನ್ನು ಕಳಿಸಬೇಕೆಂದು ಹೇಳಬಹುದೇ?

ಯಾವ ವರ್ಗದವರಿಗೆ ಆದ್ಯತೆ ಎಂದು ಹೇಳಬಹುದು, ಹೇಳಲೂಬೇಕು. ಹೆಸರು ಹೇಳುವಂತಿಲ್ಲ. ನಮ್ಮ ಆಯ್ಕೆ ಸಮಿತಿಯಲ್ಲಿ ಹಿಂದೆ ಹೋಗಿಬಂದ ಇಬ್ಬರು, ಒಬ್ಬ ಆತಿಥೇಯ ತಾಯಿ, ಒಬ್ಬ ಶಿಕ್ಷಕರು ಇರುತ್ತಾರೆ. ಅನುದಾನ ಕೊಟ್ಟವರೂ ನಮ್ಮ ಟ್ರಸ್ಟಿಗಳೂ ಅದರಲ್ಲಿ ಇರುವುದಿಲ್ಲ. ಟ್ರಸ್ಟಿಗಳ ಮನೆಯ ಮಕ್ಕಳು ಅರ್ಜಿ ಹಾಕುವಂತಿಲ್ಲ. ಈ ನಿಯಮದಿಂದ ನಮ್ಮ ಮನೆಗಳಲ್ಲಿ ಮುನಿಸಾದದ್ದೂ ಇದೆ. ಇನ್ನು ಫಲಾನುಭವಿಗಳ ಫೋಟೋ ಕೇಳುವ ದಾನಿಗಳಿಗೆ ತಂಡದ ಫೋಟೋ ಕೊಡುತ್ತೇವೆ, "ಬಡ ಹುಡುಗಿ" ಎಂಬ ಅಡಿಬರಹ ಬರುವಂಥ ಒಂಟಿ ಫೋಟೋವನ್ನು ಕೊಡುವುದಿಲ್ಲ.

ಅನುದಾನ ನಿಂತ ಮೇಲೆ ಸಂಸ್ಥೆ ಹೇಗೆ ನಡೆಯುತ್ತದೆ?

ಒಂದು ಯೋಜನೆಗೆ ಸಿಗುವ ಅನುದಾನ ಒಂದರಿಂದ ಮೂರು ವರ್ಷಕ್ಕೆ ಮುಗಿಯುವುದೇ ಹೆಚ್ಚು, ಅದನ್ನು ನಂಬಿ ಕಚೇರಿಯ ಬಾಡಿಗೆ ಒಪ್ಪಿಕೊಳ್ಳಬಾರದು. ನಾವು ಮೂರು ಕಾಲಿನ ಮೇಲೆ ನಿಲ್ಲಲು ಯತ್ನಿಸುತ್ತೇವೆ: ಅನುಕೂಲವಿರುವ ಮನೆಗಳಿಂದ ಪೂರ್ಣ ಶುಲ್ಕ, ಊರಿನ ವ್ಯಾಪಾರಿಗಳು ಮತ್ತು ಹಳೆಯ ವಿದ್ಯಾರ್ಥಿಗಳಿಂದ ಸಣ್ಣ ದೇಣಿಗೆ, ಮತ್ತು ಉಳಿದವರ ಸ್ಥಾನಗಳಿಗೆ ಮಾತ್ರ ಅನುದಾನ. ಅನುದಾನವಿಲ್ಲದ ವರ್ಷ ವಿದೇಶದ ಕಾರ್ಯಕ್ರಮ ನಿಲ್ಲುತ್ತದೆ. ಆಗ ಧಾರವಾಡದ ಮಕ್ಕಳು ಗದಗಿನ ತಾಂಡಾಕ್ಕೆ, ತಾಂಡಾದ ಮಕ್ಕಳು ಧಾರವಾಡದ ಮನೆಗಳಿಗೆ ನಾಲ್ಕು ದಿನ ಹೋಗುತ್ತಾರೆ. ಬಸ್ ಚಾರ್ಜು ಮತ್ತು ಊಟದಲ್ಲಿ ಮುಗಿಯುವ ಈ ಕಾರ್ಯಕ್ರಮದಲ್ಲಿ ಕೆಲವು ಪಾಲಕರು ಎತ್ತುವ ತಕರಾರುಗಳನ್ನು ಕೇಳಿದರೆ, ಜರ್ಮನಿಗಿಂತ ಗದಗೇ ದೂರವೆನಿಸುತ್ತದೆ.

ಪಾಲಕರು ಸಂಸ್ಥೆಯ ಲೆಕ್ಕ ನೋಡಬಹುದೇ?

ನೋಡಬಹುದು. ಪರಿಶೋಧಿತ ಲೆಕ್ಕ, ಅನುದಾನದ ಕರಾರುಪತ್ರ, ಬಳಕೆ ಪ್ರಮಾಣಪತ್ರ, ಆಯ್ಕೆಯ ಅಂಕಪಟ್ಟಿ ಇವುಗಳ ಕಡತ ಕಚೇರಿಯಲ್ಲಿದೆ. ಮಕ್ಕಳ ವೈಯಕ್ತಿಕ ವಿವರ ಮತ್ತು ಮನೆಗಳ ಆದಾಯದ ವಿವರ ಇರುವ ಹಾಳೆಗಳನ್ನು ಮಾತ್ರ ಬೇರೆ ತೆಗೆದಿಟ್ಟಿರುತ್ತೇವೆ. ಶನಿವಾರ ಮಧ್ಯಾಹ್ನ ಸಂಯೋಜಕರು ಇರುತ್ತಾರೆ. ಕ್ಯಾಲೆಂಡರ್ ಹಾಳೆಯ ಆ ರಸೀದಿಯೂ ಅದೇ ಕಡತದಲ್ಲಿದೆ.